ಮಕ್ಕಳ ರಕ್ಷಣೆಯೋ, ಮನುಷ್ಯರ ಬೇಟೆಯೋ?

ಎಲ್ಲೋ ಒಂದು ಹಸುಳೆಯ ಮೇಲೆ ಅತ್ಯಾಚಾರ ನಡೆದ ಸುದ್ದಿ ಬಂದ ದಿನ ಗಿರಣಿಯ ಬಾಗಿಲ ಬಳಿಯ ಚಹಾದಂಗಡಿಯಲ್ಲಿ ಬೇರೆ ಮಾತೇ ಇರುವುದಿಲ್ಲ. ರಾತ್ರಿ ಪಾಳಿಗೆ ಬಂದ ತಂದೆ ಮನೆಯಲ್ಲಿ ಬಿಟ್ಟುಬಂದ ಮಗಳನ್ನು ನೆನೆಯುತ್ತಾನೆ. ಅಂಗಡಿಯ ಗಲ್ಲೆಯ ಮೇಲೆ ಕುಳಿತ ವ್ಯಾಪಾರಿ, ಶಾಲೆ ಬಿಟ್ಟ ಮಗು ಇನ್ನೂ ಏಕೆ ಬರಲಿಲ್ಲವೆಂದು ಬೀದಿಯ ಕಡೆ ನೋಡುತ್ತಾನೆ. "ಇಂಥವರನ್ನು ನಡುಬೀದಿಯಲ್ಲಿ ನಿಲ್ಲಿಸಬೇಕು" ಎಂಬ ಮಾತು ಹಳೆಯದು. ಈಗ ಅದಕ್ಕೆ ಇನ್ನೊಂದು ಸೇರಿದೆ: "ಅಮೆರಿಕಾದಲ್ಲಿ ಇಂಥವರ ಫೋಟೋ, ಹೆಸರು, ಮನೆಯ ವಿಳಾಸ ಎಲ್ಲವೂ ಮೊಬೈಲಿನ ನಕ್ಷೆಯಲ್ಲೇ ಸಿಗುತ್ತದಂತೆ. ನಮ್ಮಲ್ಲಿ ಏಕೆ ಬೇಡ?"

ಈ ಪ್ರಶ್ನೆ ಕೇಳುವವರನ್ನು ನಾವು ಹಗುರವಾಗಿ ಕಾಣಲಾರೆವು. ಹಣವಂತರ ಬಂಗಲೆಗೆ ಕಾವಲುಗಾರನಿದ್ದಾನೆ. ಮಗುವನ್ನು ಶಾಲೆಗೆ ಕರೆದೊಯ್ಯಲು ಕಾರಿದೆ. ಗಂಡ ಹೆಂಡಿರಿಬ್ಬರೂ ದುಡಿಯಲು ಹೋಗುವ ಮನೆಯ ಮಗುವಿಗೆ ಇರುವ ಕಾವಲೆಂದರೆ ನೆರೆಹೊರೆ ಒಂದೇ. ಆ ನೆರೆಹೊರೆಯಲ್ಲಿ ಯಾರಿದ್ದಾರೆಂದು ತಿಳಿಯುವ ಹಕ್ಕು ತನಗಿಲ್ಲವೇ ಎಂದು ತಾಯಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ನಕ್ಷೆ ತಂದ ನಾಡಿನಲ್ಲಿ ಮುಂದೇನಾಯಿತು, ಅದರಿಂದ ಮಕ್ಕಳು ಬದುಕಿಕೊಂಡರೇ ಎಂಬುದನ್ನು ಮೊದಲು ವಿಚಾರಿಸೋಣ.

ದುಃಖದಿಂದ ಹುಟ್ಟಿದ ಕಾನೂನು

ಇಂಥ ಅಪರಾಧಿಗಳ ಪಟ್ಟಿ ಅಮೆರಿಕಾದಲ್ಲಿ ಹೊಸದಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 1947ರಲ್ಲೇ ಅದನ್ನು ಆರಂಭಿಸಿತು. ಆದರೆ ಅದು ಪೊಲೀಸು ಠಾಣೆಯ ಪುಸ್ತಕವಾಗಿತ್ತು. ಊರವರ ಕೈಯ ಕಾಗದವಾಗಿರಲಿಲ್ಲ. 1989ರಲ್ಲಿ ಮಿನ್ನೆಸೋಟಾ ರಾಜ್ಯದಲ್ಲಿ ಜೇಕಬ್ ವೆಟರ್ಲಿಂಗ್ ಎಂಬ ಹನ್ನೊಂದು ವರ್ಷದ ಹುಡುಗನನ್ನು ಮುಸುಕುಧಾರಿಯೊಬ್ಬ ಎತ್ತಿಕೊಂಡು ಹೋದ. ಆ ಹುಡುಗನ ತಾಯಿ ಪ್ಯಾಟಿ ವೆಟರ್ಲಿಂಗ್ ನಡೆಸಿದ ಹೋರಾಟದಿಂದ 1994ರಲ್ಲಿ ಎಲ್ಲ ರಾಜ್ಯಗಳೂ ಇಂಥ ಪಟ್ಟಿ ಇಡಬೇಕೆಂಬ ಕೇಂದ್ರ ಕಾನೂನು ಬಂದಿತು.

ಅದೇ 1994ರ ಜುಲೈ 29ರಂದು ನ್ಯೂಜೆರ್ಸಿಯ ಹ್ಯಾಮಿಲ್ಟನ್ ಎಂಬಲ್ಲಿ ಮೇಗನ್ ಕಾಂಕಾ ಎಂಬ ಏಳು ವರ್ಷದ ಬಾಲೆಯನ್ನು ಎದುರು ಮನೆಯವನೇ, ನಾಯಿಮರಿ ತೋರಿಸುತ್ತೇನೆಂದು ಕರೆದು, ಕೆಡಿಸಿ ಕೊಂದ. ಮಕ್ಕಳ ಮೇಲಿನ ಅಪರಾಧಕ್ಕಾಗಿ ಅವನಿಗೆ ಹಿಂದೆ ಎರಡು ಸಲ ಶಿಕ್ಷೆಯಾಗಿತ್ತು. ಆ ಸಂಗತಿ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಿಳಿದಿದ್ದರೆ ನಮ್ಮ ಮಗಳು ಉಳಿಯುತ್ತಿದ್ದಳು ಎಂದು ತಂದೆತಾಯಿಗಳು ಗೋಳಿಟ್ಟರು. ಸುಮಾರು ಮೂರು ತಿಂಗಳಲ್ಲಿ ಆ ರಾಜ್ಯ ಕಾನೂನು ಮಾಡಿತು. 1996ರ ಮೇ ತಿಂಗಳಲ್ಲಿ ಇಡೀ ದೇಶಕ್ಕೆ "ಮೇಗನ್ ಕಾನೂನು" ಬಂದಿತು. ಠಾಣೆಯ ಪುಸ್ತಕ ಊರಿನ ಪುಸ್ತಕವಾಯಿತು.

ಅಷ್ಟರಲ್ಲಿ ಅಂತರ್ಜಾಲವೂ ಬಂದಿತು. ಪುಸ್ತಕ ನಕ್ಷೆಯಾಯಿತು. ಈಗ ಆ ದೇಶದಲ್ಲಿ ಯಾರು ಬೇಕಾದರೂ ತಮ್ಮ ಬೀದಿಯ ಹೆಸರು ಒತ್ತಿದರೆ ಸುತ್ತಮುತ್ತ ಚುಕ್ಕೆಗಳು ಕಾಣುತ್ತವೆ. ಚುಕ್ಕೆ ಒತ್ತಿದರೆ ಮುಖ, ಹೆಸರು, ಮನೆ, ಮಾಡಿದ ಅಪರಾಧದ ಹೆಸರು. ಕೆಲವು ರಾಜ್ಯಗಳಲ್ಲಿ ದುಡಿಯುವ ಜಾಗದ ವಿಳಾಸವೂ ಉಂಟು. 2006ರ ಆಡಂ ವಾಲ್ಷ್ ಕಾನೂನು ಈ ವ್ಯವಸ್ಥೆಯನ್ನು ಇನ್ನಷ್ಟು ಬಿಗಿ ಮಾಡಿತು. ಘೋರ ಅಪರಾಧ ಮಾಡಿದ ಹದಿನಾಲ್ಕು ವರ್ಷದ ಹುಡುಗರನ್ನೂ ಪಟ್ಟಿಗೆ ಎಳೆಯಿತು. ಇಂದು ಆ ಪಟ್ಟಿಗಳಲ್ಲಿರುವವರು ಏಳು ಲಕ್ಷಕ್ಕೂ ಮಿಕ್ಕಿದ್ದಾರೆ. ಹೆಚ್ಚಿನವರು ಕೋರ್ಟು ವಿಧಿಸಿದ ಶಿಕ್ಷೆಯನ್ನು ಅನುಭವಿಸಿ ಹೊರಬಂದವರು.

ಇದು ಶಿಕ್ಷೆಯ ಮೇಲೆ ಶಿಕ್ಷೆಯಲ್ಲವೇ ಎಂಬ ಪ್ರಶ್ನೆ ಅಲ್ಲಿಯ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲವೆಂದು 2003ರಲ್ಲಿ ಆರು ನ್ಯಾಯಾಧೀಶರು ಹೇಳಿದರು, ಮೂವರು ಒಪ್ಪಲಿಲ್ಲ. ಅಂತರ್ಜಾಲದಲ್ಲಿ ಹೆಸರು ನೋಡುವುದು ಸರ್ಕಾರಿ ದಫ್ತರಕ್ಕೆ ಹೋಗಿ ಹಳೆಯ ಕಡತ ತೆಗೆಸಿ ನೋಡಿದ ಹಾಗೆ ಎಂಬುದು ಬಹುಮತದವರ ವಾದ. ನಮಗಿದು ಒಪ್ಪಿಗೆಯಾಗುವುದಿಲ್ಲ. ದಫ್ತರಕ್ಕೆ ಹೋಗುವವನಿಗೆ ಒಂದು ಕಾರಣವಿರಬೇಕು, ಒಂದು ದಿನದ ಕೂಲಿ ಬಿಟ್ಟು ಹೋಗಬೇಕು. ನಕ್ಷೆಯಾದರೋ ಮನೆಮನೆಗೆ ತಾನೇ ಬರುತ್ತದೆ. ಮಾಲೀಕನ ಕೈಗೂ ಬರುತ್ತದೆ, ಪುಂಡನ ಕೈಗೂ ಬರುತ್ತದೆ.

ಅಪಾಯ ಎಲ್ಲಿದೆ, ಚುಕ್ಕೆ ಎಲ್ಲಿದೆ?

ಈ ಕಾನೂನುಗಳ ಬುಡದಲ್ಲಿ ಎರಡು ನಂಬಿಕೆಗಳಿವೆ. ಇಂಥ ಅಪರಾಧಿ ಮತ್ತೆ ಅದನ್ನೇ ಮಾಡಿಯೇ ತೀರುತ್ತಾನೆ ಎಂಬುದು ಒಂದು. ಮಗುವಿಗೆ ಅಪಾಯ ಬರುವುದು ಹೊರಗಿನವನಿಂದ ಎಂಬುದು ಇನ್ನೊಂದು.

ಮೊದಲನೆಯದನ್ನು ನೋಡೋಣ. ಚಿಕಿತ್ಸೆ ಪಡೆಯದವರಲ್ಲಿ ನೂರಕ್ಕೆ 80 ಮಂದಿಯವರೆಗೂ ಮತ್ತೆ ಅಪರಾಧ ಮಾಡುತ್ತಾರೆಂಬ ಅಂಕಿ 2002ರ ಸುಪ್ರೀಂ ಕೋರ್ಟಿನ ತೀರ್ಪೊಂದರಲ್ಲೇ ಕಾಣಿಸಿಕೊಂಡಿತು. ಅದರ ಮೂಲವನ್ನು ವಿದ್ವಾಂಸರು ಹುಡುಕಿಕೊಂಡು ಹೋದಾಗ ಸಿಕ್ಕಿದ್ದು 1986ರಲ್ಲಿ ಜನಪ್ರಿಯ ಮಾಸಿಕವೊಂದರಲ್ಲಿ ಬಂದ ಒಂದು ವಾಕ್ಯ. ಅದರ ಹಿಂದೆ ಯಾವ ಲೆಕ್ಕಪತ್ರವೂ ಇರಲಿಲ್ಲ. ಅಮೆರಿಕಾದ ನ್ಯಾಯ ಇಲಾಖೆಯೇ, 1994ರಲ್ಲಿ ಹದಿನೈದು ರಾಜ್ಯಗಳ ಜೈಲುಗಳಿಂದ ಬಿಡುಗಡೆಯಾದ ಇಂಥ 9,691 ಮಂದಿಯನ್ನು ಮೂರು ವರ್ಷ ಹಿಂಬಾಲಿಸಿ ಲೆಕ್ಕ ಇಟ್ಟಿತು. ಮತ್ತೆ ಲೈಂಗಿಕ ಅಪರಾಧಕ್ಕಾಗಿ ಸೆರೆಯಾದವರು ನೂರಕ್ಕೆ 5.3. ದೂರು ಬಾರದ ಅಪರಾಧಗಳು ಬಹಳವಿರುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೇ ಇದ್ದೀತು. ಆದರೂ 5ಕ್ಕೂ 80ಕ್ಕೂ ನಡುವೆ ಇರುವುದು ಸಣ್ಣ ಅಂತರವಲ್ಲ.

ಎರಡನೆಯದು ಇನ್ನೂ ಮುಖ್ಯ. ಅದೇ ನ್ಯಾಯ ಇಲಾಖೆ 2000ದಲ್ಲಿ ಪ್ರಕಟಿಸಿದ ವರದಿಯಂತೆ, ಪೊಲೀಸರ ತನಕ ಬಂದ ಪ್ರಕರಣಗಳಲ್ಲಿ ಮಕ್ಕಳನ್ನು ಕೆಡಿಸಿದವರ ಪೈಕಿ ಅಪರಿಚಿತರು ನೂರಕ್ಕೆ ಏಳು ಮಂದಿ ಮಾತ್ರ. ಉಳಿದವರು ಮನೆಯವರು, ನೆಂಟರು, ಪರಿಚಯದವರು. ನಮ್ಮ ದೇಶದ ಅಪರಾಧ ದಾಖಲೆಗಳೂ ವರ್ಷ ವರ್ಷ ಇದನ್ನೇ ಹೇಳುತ್ತವೆ. ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿದ್ದವನೇ. ಅವನು ಚಿಕ್ಕಪ್ಪನಾಗಿರಬಹುದು, ಪಾಠ ಹೇಳುವವನಾಗಿರಬಹುದು, ಕೈಗೆ ಚಾಕಲೇಟು ಕೊಡುವ ಮನೆಯ ಮಾಲೀಕನಾಗಿರಬಹುದು. ಅವನ ಮೇಲೆ ಯಾವ ಚುಕ್ಕೆಯೂ ಇರುವುದಿಲ್ಲ. ಬೀದಿಯ ಕೊನೆಯ ಚುಕ್ಕೆಯ ಮೇಲೆ ಕಣ್ಣಿಟ್ಟ ತಾಯಿಗೆ ಒಳಮನೆಯ ಅಪಾಯ ಕಾಣದೆ ಹೋಗುತ್ತದೆ. ನಕ್ಷೆಯ ಮೊದಲ ಕೇಡು ಇದು: ಅದು ಸುಳ್ಳು ಧೈರ್ಯವನ್ನೂ ಸುಳ್ಳು ಭಯವನ್ನೂ ಒಟ್ಟಿಗೇ ಕೊಡುತ್ತದೆ.

ಜೇಕಬ್ ವೆಟರ್ಲಿಂಗ್‌ನ ಕಥೆ ಹೇಗೆ ಮುಗಿಯಿತೆಂಬುದನ್ನೂ ಕೇಳಬೇಕು. ಇಪ್ಪತ್ತೇಳು ವರ್ಷಗಳ ಮೇಲೆ, 2016ರಲ್ಲಿ, ಕೊಂದವನು ತಪ್ಪೊಪ್ಪಿಕೊಂಡು ಹೂತ ಜಾಗ ತೋರಿಸಿದ. ಹುಡುಗನನ್ನು ಒಯ್ದ ಕಾಲಕ್ಕೆ ಅವನಿಗೆ ಅಂಥ ಅಪರಾಧಕ್ಕಾಗಿ ಶಿಕ್ಷೆಯಾಗಿರಲಿಲ್ಲ. ಅಂದು ಎಂಥ ಪಟ್ಟಿ ಇದ್ದರೂ ಅದರಲ್ಲಿ ಅವನ ಹೆಸರು ಇರುತ್ತಿರಲಿಲ್ಲ. ಮಗನ ಹೆಸರಿನ ಕಾನೂನಿಗಾಗಿ ಹೋರಾಡಿದ ಆ ತಾಯಿಯೇ ಇಂದು, ಪಟ್ಟಿ ಈ ಪರಿ ಹಿಗ್ಗಿರುವುದು ಸರಿಯೇ ಎಂದು ಬಹಿರಂಗವಾಗಿ ಕೇಳುತ್ತಿದ್ದಾರೆ. ಮಗುವನ್ನು ಕಳೆದುಕೊಂಡವರ ಮಾತಿಗೆ ಬೆಲೆ ಕೊಡುವವರು ಈ ಮಾತಿಗೂ ಬೆಲೆ ಕೊಡಬೇಕು.

ಹಾಗಾದರೆ ಪಟ್ಟಿಯೇ ಬೇಡವೇ? ಹಾಗೆಂದು ನಾವು ಹೇಳುವುದಿಲ್ಲ. ಪ್ರೆಸ್ಕಾಟ್ ಮತ್ತು ರಾಕಾಫ್ ಎಂಬ ಇಬ್ಬರು ವಿದ್ವಾಂಸರು ಹಲವು ರಾಜ್ಯಗಳ ಲೆಕ್ಕ ತೆಗೆದು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬೆಳಕು ಕೊಡುತ್ತದೆ. ಅಪರಾಧಿ ತನ್ನ ವಿಳಾಸವನ್ನು ಪೊಲೀಸರಿಗೆ ಕೊಟ್ಟು, ಪೊಲೀಸರು ಅವನ ಮೇಲೆ ಕಣ್ಣಿಟ್ಟರೆ ಅಪರಾಧ ಕಡಿಮೆಯಾಗುತ್ತದೆ. ಅದೇ ವಿವರವನ್ನು ಊರಿಗೆಲ್ಲ ಸಾರಿದರೆ, ಪಟ್ಟಿಯಲ್ಲಿರುವವರು ಮತ್ತೆ ತಪ್ಪು ಮಾಡುವ ಸಂಭವ ಹೆಚ್ಚಾದೀತೇ ಹೊರತು ಕಡಿಮೆಯಾಗದು. ಕಾರಣ ತಿಳಿಯುವುದು ಕಷ್ಟವಲ್ಲ. ಕೆಲಸವಿಲ್ಲದ, ಮನೆಯಿಲ್ಲದ, ಮಾತನಾಡಿಸುವವರಿಲ್ಲದ ಮನುಷ್ಯನಿಗೆ ಜೈಲಿನ ಭಯ ಉಳಿಯುವುದಾದರೂ ಹೇಗೆ?

ಚುಕ್ಕೆಯ ಕೆಳಗಿನ ಮನುಷ್ಯ

2006ರ ಏಪ್ರಿಲಿನಲ್ಲಿ, ಈಸ್ಟರ್ ಹಬ್ಬದ ದಿನ, ಮೇಯ್ನ್ ರಾಜ್ಯದಲ್ಲಿ ಇಪ್ಪತ್ತು ವರ್ಷದ ಯುವಕನೊಬ್ಬ ಸರ್ಕಾರಿ ಪಟ್ಟಿಯಿಂದ ವಿಳಾಸ ತೆಗೆದುಕೊಂಡು ಇಬ್ಬರ ಮನೆಗೆ ಹೋಗಿ ಗುಂಡಿಟ್ಟು ಕೊಂದ. ಕೊನೆಗೆ ತಾನೂ ಸತ್ತ. ಕೊಲೆಯಾದವರಲ್ಲಿ ಒಬ್ಬನಿಗೆ ಇಪ್ಪತ್ತನಾಲ್ಕು ವರ್ಷ. ಅವನು ಮಾಡಿದ್ದ ಅಪರಾಧ, ಹತ್ತೊಂಬತ್ತರ ವಯಸ್ಸಿನಲ್ಲಿ, ಹದಿನಾರು ತುಂಬಲು ಕೆಲವೇ ದಿನ ಬಾಕಿಯಿದ್ದ ತನ್ನ ಗೆಳತಿಯ ಜೊತೆ ಕೂಡಿದ್ದು. ನಕ್ಷೆಯಲ್ಲಿ ಅವನದೂ ಒಂದು ಚುಕ್ಕೆ, ಮೇಗನ್‌ಳನ್ನು ಕೊಂದವನಂಥವರದೂ ಒಂದು ಚುಕ್ಕೆ.

ಫ್ಲಾರಿಡಾದ ಮಯಾಮಿ ಜಿಲ್ಲೆಯಲ್ಲಿ ಇಂಥವರು ಶಾಲೆಯಿಂದ 2,500 ಅಡಿಯ ಒಳಗೆ ವಾಸಿಸಕೂಡದೆಂದು ನಿಯಮ ಮಾಡಿದರು. ಊರಲ್ಲಿ ಎಲ್ಲಿ ಅಳೆದರೂ ಒಂದಲ್ಲ ಒಂದು ಶಾಲೆ. ಕಡೆಗೆ ಅವರಿಗೆ ಉಳಿದದ್ದು ಸಮುದ್ರದ ಮೇಲಿನ ಸೇತುವೆಯ ಕೆಳಗಿನ ಜಾಗ. 2007ರಿಂದ 2010ರವರೆಗೆ ಹತ್ತಾರು ಮಂದಿ ಅಲ್ಲಿ ಗುಡಾರ ಹಾಕಿಕೊಂಡು ಬದುಕಿದರು. ಎಲ್ಲರ ಕಣ್ಣಿಗೂ ಬೀಳಬೇಕಾದವರನ್ನು ಯಾರ ಕಣ್ಣಿಗೂ ಬೀಳದ ಕಡೆ ಅಟ್ಟಿದ ಜಾಣತನವಿದು. ಕ್ಯಾಲಿಫೋರ್ನಿಯಾದಲ್ಲಿ ಇಂಥದೇ ನಿಯಮವನ್ನು ಸ್ಯಾನ್ ಡಿಯಾಗೋ ಜಿಲ್ಲೆಯ ಮಟ್ಟಿಗೆ ಆ ರಾಜ್ಯದ ಸುಪ್ರೀಂ ಕೋರ್ಟು 2015ರಲ್ಲಿ ತಳ್ಳಿಹಾಕಿತು. ಇದರಿಂದ ಮನೆಯಿಲ್ಲದವರು ಹೆಚ್ಚಿ, ಅವರ ಮೇಲಿನ ನಿಗಾ ಕೆಟ್ಟಿತೆಂದು ಹೇಳಿತು.

ನಮ್ಮ ವ್ಯಾಪಾರಿ ಮಿತ್ರರಿಗೂ ಒಂದು ಮಾತು. ಚುಕ್ಕೆ ಮೂಡಿದ ಬೀದಿಯಲ್ಲಿ ನಷ್ಟವಾಗುವುದು ಅಪರಾಧಿಗೆ ಮಾತ್ರವಲ್ಲ. ಉತ್ತರ ಕ್ಯಾರೊಲಿನಾದ ಒಂದು ಜಿಲ್ಲೆಯಲ್ಲಿ ಲೆಕ್ಕ ಹಾಕಿ ನೋಡಿದಾಗ, ಇಂಥವನು ಬಂದು ನೆಲೆಸಿದ ಮನೆಗೆ ತೀರ ಸಮೀಪದ ಮನೆಗಳ ಬೆಲೆ ನೂರಕ್ಕೆ ಸುಮಾರು ನಾಲ್ಕರಷ್ಟು ಇಳಿದಿತ್ತು. ಹಣವುಳ್ಳವರು ಬೀದಿ ಬಿಟ್ಟು ಹೋಗಬಲ್ಲರು. ಬಡವರಿಗೆ ಹೋಗಲು ಬೇರೆ ಜಾಗವಿಲ್ಲ. ಬಾಡಿಗೆ ಕಡಿಮೆಯಿರುವ ಕೇರಿಗೇ ಚುಕ್ಕೆಗಳೂ ಬಂದು ಸೇರುತ್ತವೆ.

ಬ್ರಿಟನ್ನಿನಲ್ಲಿ 2000ದ ಆಗಸ್ಟಿನಲ್ಲಿ, ಒಂದು ವಾರಪತ್ರಿಕೆ ಇಂಥವರ ಹೆಸರುಗಳನ್ನು ಅಚ್ಚು ಹಾಕಿ ಜನರನ್ನು ಕೆರಳಿಸಿದ ಹೊತ್ತಿನಲ್ಲಿ, ವೇಲ್ಸಿನ ನ್ಯೂಪೋರ್ಟಿನಲ್ಲಿ ಮಕ್ಕಳ ವೈದ್ಯೆಯೊಬ್ಬರ ಮನೆಯ ಬಾಗಿಲಿಗೆ ಯಾರೋ ಹೊಲಸು ಬರೆದು ಹೋದರು. ಇಂಗ್ಲಿಷಿನಲ್ಲಿ ಮಕ್ಕಳ ವೈದ್ಯರನ್ನು ಕರೆಯುವ ಪದವೂ ಮಕ್ಕಳನ್ನು ಕೆಡಿಸುವವರನ್ನು ಕರೆಯುವ ಪದವೂ ಒಂದೇ ರೀತಿ ಶುರುವಾಗುತ್ತವೆ. ಅಷ್ಟೇ ಆಕೆಯ ಅಪರಾಧ. ಕೇಳಿ ನಗು ಬರಬಹುದು. ಆದರೆ ನಮಗೆ ನಗುವ ಹಕ್ಕಿಲ್ಲ.

ನಮ್ಮ ನೆಲದ ನೆನಪು

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಕಟ್ಟಿ ಹೊಡೆದು ಕೊಂದರು. ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಶಾಲೆಯ ಮಕ್ಕಳಿಗೆ ಚಾಕಲೇಟು ಹಂಚಿದರೆಂಬುದೇ ಕಾರಣವಾಗಿ ಗುಂಪು ಅವರ ಮೇಲೆ ಬಿದ್ದಿತು. ಒಬ್ಬ ಸತ್ತ; ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಅಲ್ಲಿ ಯಾವ ಸರ್ಕಾರಿ ನಕ್ಷೆಯೂ ಇರಲಿಲ್ಲ. ಮೊಬೈಲಿನಲ್ಲಿ ಹರಿದ ಒಂದು ಸುಳ್ಳು ಸುದ್ದಿ ಸಾಕಾಯಿತು. ಅದಕ್ಕೆ ಸರ್ಕಾರದ ಮುದ್ರೆಯೂ ಬಿದ್ದು, ಮನೆಯ ವಿಳಾಸವೂ ಸಿಕ್ಕರೆ ಏನಾದೀತೆಂದು ವಾಚಕರೇ ಯೋಚಿಸಲಿ.

ಪಟ್ಟಿಯ ರುಚಿಯನ್ನು ಈ ನೆಲ ಅದಕ್ಕೂ ಮೊದಲೇ ಕಂಡಿದೆ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾನೂನು ತಂದು, ಇಡೀ ಜಾತಿಗಳ ಹೆಸರನ್ನು ಪೊಲೀಸು ಪುಸ್ತಕಕ್ಕೆ ಏರಿಸಿದರು. ಹುಬ್ಬಳ್ಳಿ, ಗದಗ, ವಿಜಾಪುರ, ಸೊಲ್ಲಾಪುರಗಳ ಸೆಟ್ಲಮೆಂಟುಗಳಲ್ಲಿ ಅವರನ್ನು ಕೂಡಿಟ್ಟರು. ಹಗಲು ಗಿರಣಿಯಲ್ಲಿ ದುಡಿದವನು ಸಂಜೆ ಹಾಜರಿ ಕೊಡಬೇಕಾಗಿತ್ತು. ಆ ಕಾನೂನು 1952ರ ಆಗಸ್ಟ್ 31ರಂದು ಸತ್ತಿತು. ಆದರೆ ಆ ಹೆಸರಿನ ಕಳಂಕ ಇಂದಿಗೂ ಸತ್ತಿಲ್ಲ. ಅಲ್ಲಿ ಹುಟ್ಟಿಗಾಗಿ ಪಟ್ಟಿ, ಇಲ್ಲಿ ಮಾಡಿದ ಕೃತ್ಯಕ್ಕಾಗಿ ಪಟ್ಟಿ. ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ. ಪಟ್ಟಿಗೆ ಏರುವುದು ಸುಲಭ, ಇಳಿಯುವುದು ಕಷ್ಟ. ಮೊದಲು ಏರುವವನು ವಕೀಲನನ್ನು ಇಡಲಾರದ ಬಡವ. ಇಷ್ಟು ಮಾತ್ರ ಎರಡಕ್ಕೂ ಸಮಾನ.

2018ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರವೂ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದಾಖಲೆಯನ್ನು ಆರಂಭಿಸಿತು. ಆಗಲೇ ಅದರಲ್ಲಿ 4.4 ಲಕ್ಷ ನಮೂದುಗಳಿದ್ದವು. ಅದನ್ನು ನೋಡುವ ಅಧಿಕಾರ ಪೊಲೀಸು ಮೊದಲಾದ ತನಿಖಾ ಸಂಸ್ಥೆಗಳಿಗೆ ಮಾತ್ರ. ಇದು ಸರಿಯಾದ ಗಡಿ. ಆ ಗಡಿಯನ್ನು ಒಡೆಯುವ ಉತ್ಸಾಹ ಮಾತ್ರ ಆಳುವವರಲ್ಲಿ ಆಗಾಗ ಕಾಣುತ್ತದೆ. ಉತ್ತರ ಪ್ರದೇಶದಲ್ಲಿ 2020ರ ಮಾರ್ಚಿನಲ್ಲಿ ಪ್ರತಿಭಟನೆಗಾರರ ಹೆಸರು, ಫೋಟೋ, ವಿಳಾಸಗಳನ್ನು ಲಖನೌ ಬೀದಿಗಳಲ್ಲಿ ಹಲಗೆ ಕಟ್ಟಿ ತೋರಿಸಿದರು. ಅಲಹಾಬಾದು ಹೈಕೋರ್ಟು ತೆಗೆಯಿರೆಂದು ಆಜ್ಞೆ ಮಾಡಿತು. ಅದೇ ಸರ್ಕಾರ ಆ ಸೆಪ್ಟೆಂಬರಿನಲ್ಲಿ, ಹೆಣ್ಣುಮಕ್ಕಳನ್ನು ಪೀಡಿಸುವವರ ಚಿತ್ರಗಳನ್ನು ಚೌಕಗಳಲ್ಲಿ ಹಾಕುವುದಾಗಿ ಸಾರಿತು. ಅತ್ಯಾಚಾರಿಗಾಗಿ ಮಾಡಿದ ಹಲಗೆಗೂ ಮುಷ್ಕರ ಹೂಡಿದವನಿಗಾಗಿ ಮಾಡಿದ ಹಲಗೆಗೂ ಮರ ಒಂದೇ, ಮೊಳೆ ಒಂದೇ. ಗಿರಣಿಯ ಮಿತ್ರರು ಇದನ್ನು ಮರೆಯಬಾರದು. ಖಾಸಗಿತನವು ಪ್ರತಿ ಪ್ರಜೆಯ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಸಾರಿದ್ದು, ನಮ್ಮ ನಾಡಿನ ನಿವೃತ್ತ ಹೈಕೋರ್ಟ್ ನ್ಯಾಯಾಧೀಶ ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ. ಆ ಹಕ್ಕು ಒಳ್ಳೆಯವರಿಗೆ ಮಾತ್ರ ಎಂದು ಅಲ್ಲಿ ಬರೆದಿಲ್ಲ.

ಇನ್ನೂ ಎರಡು ಸಂಗತಿಗಳಿವೆ. 2012ರ ಪೋಕ್ಸೋ ಕಾನೂನಿನ 23ನೆಯ ಕಲಮಿನಂತೆ ಮಗುವಿನ ಗುರುತನ್ನು ಪತ್ರಿಕೆಗಳು ಹೊರಗೆಡಹಬಾರದು. ಕೆಡಿಸಿದವನು ತಂದೆಯೋ ಸೋದರಮಾವನೋ ಆಗಿದ್ದರೆ, ಅವನ ಹೆಸರು ಮತ್ತು ಮನೆ ನಕ್ಷೆಗೆ ಏರಿದ ಕೂಡಲೇ ಮಗು ಯಾರೆಂಬುದು ಊರಿಗೆಲ್ಲ ತಿಳಿಯಿತು. ಹಾಗೆಂದು ಗೊತ್ತಾದ ಮೇಲೆ ಯಾವ ಮನೆಯವರು ದೂರು ಕೊಡಲು ಠಾಣೆಗೆ ಬಂದಾರು? ನಕ್ಷೆ ಬಂದರೆ ಅಪರಾಧ ಹೊರಬರುವುದಿಲ್ಲ, ಒಳಗೇ ಮುಚ್ಚಿಹೋಗುತ್ತದೆ.

ಎರಡನೆಯದು, ಈ ಕಾನೂನಿನ ಕೆಳಗೆ ಬರುವ ಪ್ರಕರಣಗಳಲ್ಲಿ ಹದಿಹರೆಯದವರ ಪ್ರೇಮದ ಪ್ರಕರಣಗಳೂ ಸೇರಿವೆ. ಧಾರವಾಡದ ಹೈಕೋರ್ಟ್ ಪೀಠವೇ 2022ರ ನವೆಂಬರಿನಲ್ಲಿ, ಒಪ್ಪಿಗೆಯ ವಯಸ್ಸನ್ನು ಮತ್ತೊಮ್ಮೆ ಯೋಚಿಸಿರೆಂದು ಕಾನೂನು ಆಯೋಗವನ್ನು ಕೇಳಿತು. ಆಯೋಗ 2023ರಲ್ಲಿ ಹದಿನೆಂಟೇ ಇರಲೆಂದಿತು; ಆದರೆ ಹದಿನಾರು ದಾಟಿದವರು ತಾವೇ ಮೆಚ್ಚಿ ಕೂಡಿದ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆಯ ಅವಕಾಶವಿರಬೇಕೆಂದೂ ಹೇಳಿತು. ನ್ಯಾಯಾಧೀಶರು ವಿವೇಚಿಸಬಹುದು. ನಕ್ಷೆಯ ಚುಕ್ಕೆಗೆ ವಿವೇಚನೆಯಿಲ್ಲ. ಬೇರೆ ಜಾತಿಯ ಹುಡುಗಿಯ ಜೊತೆ ಓಡಿಹೋದ ಹತ್ತೊಂಬತ್ತರ ಹುಡುಗ ಮೇಯ್ನ್ ರಾಜ್ಯದ ಆ ಹುಡುಗನ ಹಾಗೆಯೇ ಚುಕ್ಕೆಯಾಗುತ್ತಾನೆ.

ತಾಯಿಗೆ ನಮ್ಮ ಉತ್ತರ

ಹಾಗಾದರೆ ಆ ತಾಯಿಗೆ ನಾವು ಏನು ಹೇಳುತ್ತೇವೆ? ಸುಮ್ಮನಿರು ಎನ್ನುವುದಿಲ್ಲ. ಬ್ರಿಟನ್ನಿನಲ್ಲಿ 1997ರಿಂದ ಪಟ್ಟಿಯಿದೆ. ಅದು ಪೊಲೀಸರ ಬಳಿಯೇ ಇದೆ. ಅಲ್ಲಿ ತನ್ನ ಮಗುವಿನ ಸಂಗಡ ಒಡನಾಡುವ ಇಂಥ ವ್ಯಕ್ತಿಯ ಬಗ್ಗೆ ಅನುಮಾನ ಬಂದರೆ ತಾಯಿ ಪೊಲೀಸರನ್ನು ಕೇಳಬಹುದು. ಅಪಾಯವಿದೆಯೆಂದು ಕಂಡರೆ ಅವರು ಆಕೆಗೆ ಗುಟ್ಟಾಗಿ ತಿಳಿಸುತ್ತಾರೆ. 2011ರ ಹೊತ್ತಿಗೆ ಇಂಗ್ಲೆಂಡು ಮತ್ತು ವೇಲ್ಸಿನಾದ್ಯಂತ ಈ ಏರ್ಪಾಡು ಬಂದಿತು. ತಿಳಿಯಬೇಕಾದವರಿಗೆ ತಿಳಿಯುತ್ತದೆ, ಕಲ್ಲು ಹುಡುಕುವವರಿಗೆ ತಿಳಿಯುವುದಿಲ್ಲ. ಇಂಥ ದಾರಿಯನ್ನು ನಮ್ಮ ಸರ್ಕಾರ ಪರಿಶೀಲಿಸಲಿ.

ಆದರೆ ಕೈಯಲ್ಲಿರುವ ಕಾನೂನನ್ನೇ ಮೊದಲು ನಡೆಸಲಿ. ಮಕ್ಕಳ ಒಡನಾಟವಿರುವ ಸಂಸ್ಥೆಗಳು ನೌಕರರ ಪೂರ್ವಾಪರವನ್ನು ಪೊಲೀಸರಿಂದ ಆಗಾಗ ವಿಚಾರಿಸಿಕೊಳ್ಳಬೇಕೆಂದು 2020ರ ನಿಯಮ ಹೇಳುತ್ತದೆ. ನಮ್ಮೂರ ಶಾಲೆ, ಹಾಸ್ಟೆಲು, ಶಾಲೆಯ ವ್ಯಾನುಗಳಲ್ಲಿ ಹಾಗೆ ನಡೆದಿದೆಯೇ? ಪೋಕ್ಸೋ ಮೊಕದ್ದಮೆ ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದಲ್ಲಿ ಮುಗಿಯಬೇಕೆಂದು 35ನೆಯ ಕಲಮು ಹೇಳುತ್ತದೆ. ಮುಗಿಯುತ್ತಿದೆಯೇ? 1098ಕ್ಕೆ ಫೋನು ಮಾಡಬಹುದೆಂದು ನಮ್ಮ ಕೇರಿಯ ಎಷ್ಟು ಮಕ್ಕಳಿಗೆ ಗೊತ್ತು? ಎರಡು ಪಾಳಿ ದುಡಿಯುವ ತಾಯಂದಿರ ಮಕ್ಕಳಿಗೆ ಗಿರಣಿಯ ಬಳಿ ಶಿಶುಮಂದಿರವಿದೆಯೇ? ಇವಕ್ಕೆಲ್ಲ ಹಣ ಬೇಕು, ಜನ ಬೇಕು, ದಿನವೂ ದುಡಿಮೆ ಬೇಕು. ನಕ್ಷೆಗೆ ಒಂದು ಕಂಪ್ಯೂಟರು ಸಾಕು. ಸರ್ಕಾರಗಳಿಗೆ ನಕ್ಷೆ ಪ್ರಿಯವಾಗುವುದು ಈ ಕಾರಣಕ್ಕೇ.

ತಪ್ಪು ಮಾಡಿದವನಿಗೆ ಕೋರ್ಟು ಕಠಿಣ ಶಿಕ್ಷೆ ಕೊಡಲಿ, ನಮ್ಮ ಅಡ್ಡಿಯಿಲ್ಲ. ಹೊರಬಂದ ಮೇಲೆ ಪೊಲೀಸರು ಅವನ ಮೇಲೆ ಕಣ್ಣಿಡಲಿ; ಅದಕ್ಕೂ ಅಡ್ಡಿಯಿಲ್ಲ. ಆದರೆ ಶಿಕ್ಷೆ ಕೊಡುವ ಕೆಲಸವನ್ನು ಬೀದಿಗೆ ಒಪ್ಪಿಸುವುದನ್ನು ನಾವು ವಿರೋಧಿಸುತ್ತೇವೆ. ನಮ್ಮ ಮಗು ಮನೆಗೆ ಬಂದು, "ಆ ಮಾಮ ನನ್ನನ್ನು ಹೀಗೆ ಮುಟ್ಟಿದ" ಎಂದು ಅಳುತ್ತ ಹೇಳಿದಾಗ, ಆ ಮಾಮ ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ನಮ್ಮ ಬಾಡಿಗೆಯ ಮನೆಯವನಾಗಿರಲಿ, ಉದ್ರಿ ಕೊಡುವ ಸಾಹುಕಾರನಾಗಿರಲಿ, ಮಗುವಿನ ಮಾತನ್ನು ನಂಬಿ ಅಂದೇ ಠಾಣೆಯ ಮೆಟ್ಟಿಲು ಹತ್ತುವ ಧೈರ್ಯ ನಮಗೆ ಇರಬೇಕು. ಹತ್ತಿದವರ ಬೆನ್ನಿಗೆ ಕೇರಿಯೆಲ್ಲ ನಿಲ್ಲಬೇಕು.